ಮುಗದದ ಹಳಿ, ಕಾಳಿಯ ದಂಡೆ: ಕಾರಿಲ್ಲದವರ ದಾಂಡೇಲಿ

ದಾಂಡೇಲಿಗೆ ಹೊರಟಿದ್ದೇವೆ ಎಂದು ಹೇಳಿ ನೋಡಿ. ಯಾವ ರಿಸಾರ್ಟು, ರಾಫ್ಟಿಂಗ್ ಬುಕ್ ಆಯಿತೇ ಎಂಬ ಪ್ರಶ್ನೆಗಳೇ ಮೊದಲು ಬರುತ್ತವೆ. ಹೇಗೆ ಹೋಗುತ್ತೀರಿ ಎಂದು ಕೇಳುವವರು ಅಪರೂಪ. ಕಾರು ಇದ್ದೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡುಬಿಟ್ಟಿದ್ದಾರೆ. ಶನಿವಾರ ಬೆಳಿಗ್ಗೆ ಹಳಿಯಾಳದ ರಸ್ತೆಯಲ್ಲಿ ಬೆಂಗಳೂರು, ಪುಣೆ, ಗೋವಾದ ನಂಬರಿನ ಗಾಡಿಗಳು ಸಾಲುಗಟ್ಟುವುದನ್ನು ಕಂಡರೆ ಆ ಎಣಿಕೆ ಸರಿಯೆಂದೇ ತೋರುತ್ತದೆ. ಆದರೆ ವಾರದ ಉಳಿದ ದಿನ ಈ ಊರಿಗೂ ಧಾರವಾಡಕ್ಕೂ ನಡುವೆ ಓಡಾಡುವವರು ಬೇರೆಯೇ ಜನ: ಧಾರವಾಡದ ಕಾಲೇಜಿಗೆ ಬರುವ ಹುಡುಗಿಯರು, ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ತೋರಿಸಿಕೊಳ್ಳಲು ಹೊರಟ ಮುದುಕರು, ಜೋಯಿಡಾದ ಹಾಡಿಗಳಿಂದ ಗೆಡ್ಡೆ ಗೆಣಸು ಹೊತ್ತು ಬರುವ ಕುಣಬಿ ಹೆಂಗಸರು. ಇವರ ದಾರಿಯ ಮೇಲೆಯೇ ಹೋದರೆ ದಾಂಡೇಲಿ ಹೆಚ್ಚು ಅರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ. ಹೀಗಾಗಿ ಮುಗದದಿಂದಲೇ ಹೊರಡೋಣ.

ಮುಗದ ಧಾರವಾಡದ ಪಶ್ಚಿಮಕ್ಕಿರುವ ಊರು. ಧಾರವಾಡ–ಲೋಂಡಾ ರೈಲು ಮಾರ್ಗದಲ್ಲಿ ಕ್ಯಾರಕೊಪ್ಪ ದಾಟಿದ ಮೇಲೆ ಬರುವ ನಿಲ್ದಾಣ. ದೊಡ್ಡ ಕೆರೆ, ಅದರ ಸುತ್ತ ಭತ್ತದ ಹೊಲ, ಆಚೆಗೆ ಮಾವಿನ ತೋಪು. ಇಲ್ಲಿನ ಭತ್ತವನ್ನು ನಾಟಿ ಮಾಡುವುದಕ್ಕಿಂತ ಕೂರಿಗೆಯಿಂದ ಬಿತ್ತುವುದೇ ಹೆಚ್ಚು. ಮುಂಗಾರಿನ ಮೊದಲ ಹಸಿಗೆ ಒಣ ನೆಲದಲ್ಲೇ ಬೀಜ ಹಾಕಿ, ಮುಂದಿನ ಮಳೆಯನ್ನು ನಂಬಿ ಕೂರುವ ಬೇಸಾಯ ಇದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿದೆ. ಮುಗದ ಸುಗಂಧ, ಮುಗದ ಸಿರಿ ಎಂಬ ತಳಿಗಳು ಊರಿನ ಹೆಸರನ್ನು ದೂರದ ಗದ್ದೆಗಳಿಗೂ ಒಯ್ದಿವೆ. ಊರು ಹಳೆಯದು. ಶಾಸನಗಳಲ್ಲಿ ಬರುವ ಮುಗುಂದ ಮೂವತ್ತು ಎಂಬ ನಾಡು ಇದೇ. ಇಲ್ಲಿ ಕಟ್ಟಿಸಿದ ಜಿನಾಲಯವೊಂದರ ವಿವರವನ್ನು 1045ರ ಶಾಸನ ಕೊಡುತ್ತದೆ.

ಭೂಗೋಳದ ದೃಷ್ಟಿಯಿಂದ ಮುಗದ ಒಂದು ಹೊಸ್ತಿಲು. ಧಾರವಾಡದ ಪೂರ್ವಕ್ಕೆ ಎರೆಮಣ್ಣಿನ ಬೆಳವಲ. ಅಲ್ಲಿ ಬಿದ್ದ ಮಳೆ ಬೆಣ್ಣಿಹಳ್ಳ, ಮಲಪ್ರಭೆಗಳ ಮೂಲಕ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಧಾರವಾಡದ ದಕ್ಷಿಣಕ್ಕೆ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತಾಳೆ. ಮುಗದ ದಾಟಿ ಕಂಬಾರಗಣವಿಯ ಕಡೆ ರೈಲು ಸಾಗಿದಂತೆ ಮಣ್ಣು ಕೆಂಪಾಗುತ್ತದೆ, ಜಾಲಿ ಕಡಿಮೆಯಾಗಿ ಸಾಗವಾನಿ ಹೆಚ್ಚಾಗುತ್ತದೆ. ಕಿಟಕಿಯ ಬದಿ ಕುಳಿತವರಿಗೆ ಅರ್ಧ ಗಂಟೆಯೊಳಗೆ ಬಯಲುಸೀಮೆ ಮಲೆನಾಡಾಗುವುದು ಕಾಣುತ್ತದೆ. ಕಾರಿನ ವೇಗದಲ್ಲಿ ಇದು ತಿಳಿಯುವುದೇ ಇಲ್ಲ.

ಈ ಹಳಿ ಯಾಕೆ ಬಂತು ಎಂಬುದರಲ್ಲೇ ದಾಂಡೇಲಿಯ ಕಥೆ ಅರ್ಧ ಇದೆ. 1876–78ರ ಬರಗಾಲದಲ್ಲಿ ದಕ್ಷಿಣ ಮರಾಠಾ ಸೀಮೆಯ ಹಳ್ಳಿಗಳು ಬರಿದಾದವು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇರಲಿಲ್ಲ. ಆ ಅನುಭವದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದ ಕೊನೆಗೆ ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮರ್ಮಗೋವಾ ಬಂದರಿನವರೆಗೆ ಮೀಟರ್ ಗೇಜ್ ಹಳಿ ಜೋಡಣೆಯಾಯಿತು. ಬರದ ಪರಿಹಾರ ಎಂದು ಶುರುವಾದದ್ದು ಬೆಳವಲದ ಹತ್ತಿಯನ್ನು ಹಡಗಿಗೆ ಮುಟ್ಟಿಸುವ ದಾರಿಯೂ ಆಯಿತು. ಅಳ್ನಾವರದಿಂದ ದಕ್ಷಿಣಕ್ಕೆ ಒಂದು ಕವಲು ಒಡೆದು ಕಾಡಿನೊಳಗೆ ಹೋದದ್ದು ನೂರು ವರ್ಷಕ್ಕೂ ಹಿಂದೆ. ಅದರ ಉದ್ದೇಶ ಇನ್ನೂ ನೇರ: ಸಾಗವಾನಿ, ಇದ್ದಿಲು. ದಾಂಡೇಲಿಗೆ ರೈಲು ಬಂದದ್ದು ಅಲ್ಲಿನ ಜನ ಹೊರಗೆ ಹೋಗಲೆಂದಲ್ಲ, ಅಲ್ಲಿನ ಮರ ಹೊರಗೆ ಹೋಗಲೆಂದು.

ಆದರೂ ಜನ ಆ ರೈಲನ್ನು ತಮ್ಮದಾಗಿಸಿಕೊಂಡರು. ಅಳ್ನಾವರದಲ್ಲಿ ಗಾಡಿ ಬದಲಿಸಿ ದಾಂಡೇಲಿಗೆ ಹೋಗಿಬರುತ್ತಿದ್ದ ನೆನಪು ಧಾರವಾಡದ ಹಿರಿಯರಲ್ಲಿ ಇಂದಿಗೂ ಹಸಿರಾಗಿದೆ. ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಕವಲಿನಲ್ಲಿ ಗೂಡ್ಸ್ ಗಾಡಿ ಉಳಿಯಿತು, ಪ್ರಯಾಣಿಕರ ಗಾಡಿ ನಿಂತಿತು. ಮುಂದಿನ ಎರಡೂವರೆ ದಶಕ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬೇಕಾದ ಸರಕು ಆ ಹಳಿಯ ಮೇಲೆ ಹೋಗುತ್ತಿತ್ತು, ಪಕ್ಕದ ಹಳ್ಳಿಯವರು ಅದನ್ನು ನೋಡುತ್ತ ಬಸ್ಸಿಗೆ ಕಾಯುತ್ತಿದ್ದರು. ಮನವಿ, ಧರಣಿಗಳ ನಂತರ 2019ರ ನವೆಂಬರಿನಲ್ಲಿ, ಬೆಳಗಾವಿಯ ಸುರೇಶ ಅಂಗಡಿ ಅವರು ರೈಲ್ವೆ ಖಾತೆಯ ರಾಜ್ಯ ಸಚಿವರಾಗಿದ್ದಾಗ, ಧಾರವಾಡದಿಂದ ಅಂಬೇವಾಡಿಗೆ ಪ್ರಯಾಣಿಕರ ರೈಲು ಮತ್ತೆ ಹೊರಟಿತು. ಅಂಬೇವಾಡಿ ಎಂದರೆ ದಾಂಡೇಲಿಯ ನಿಲ್ದಾಣ, ಊರಿನ ಅಂಚಿನಲ್ಲೇ ಇದೆ. ಆದರೆ ಆರು ತಿಂಗಳು ತುಂಬುವ ಮೊದಲೇ, 2020ರ ಮಾರ್ಚಿನಲ್ಲಿ, ದೇಶದ ಎಲ್ಲ ಪ್ರಯಾಣಿಕರ ಗಾಡಿಗಳೊಂದಿಗೆ ಅದೂ ನಿಂತಿತು. ಕೊರೊನಾ ಹೋದ ಮೇಲೆ ದೊಡ್ಡ ಊರುಗಳ ರೈಲುಗಳು ಬೇಗ ಹಳಿಗೆ ಬಂದವು. ಸಣ್ಣ ಕವಲುಗಳ ಗಾಡಿಗಳ ಹಣೆಬರಹವೇ ಬೇರೆ. ಆದ್ದರಿಂದ ಈ ರೈಲನ್ನು ನಂಬಿ ಹೊರಡುವವರು ಧಾರವಾಡ ನಿಲ್ದಾಣದಲ್ಲಿ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ಗಾಡಿ ಇದ್ದರೆ ಅದರಲ್ಲೇ ಹೋಗಿ, ಸಮಯ ಸ್ವಲ್ಪ ಹೆಚ್ಚು ಹಿಡಿದರೂ ಪರವಾಗಿಲ್ಲ. ಅಳ್ನಾವರದಾಚೆಯ ಕಾಡನ್ನು ಅಷ್ಟು ಹತ್ತಿರದಿಂದ ತೋರಿಸುವ ಬೇರೆ ವಾಹನ ಇಲ್ಲ. ಟಿಕೀಟು ತೆಗೆಯುವ ಪ್ರತಿಯೊಬ್ಬರೂ ಆ ಗಾಡಿ ಉಳಿಯಲು ಒಂದು ಕಾರಣವಾಗುತ್ತಾರೆ.

ದಿನನಿತ್ಯದ ಆಧಾರ ಮಾತ್ರ ಬಸ್ಸೇ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ಅಲ್ಲಿ ಹೊಸ ಬಸ್ ನಿಲ್ದಾಣದಲ್ಲಿ ದಾಂಡೇಲಿಯ ಬಸ್ ಹಿಡಿಯಬಹುದು. ಹಳಿಯಾಳದ ಮೂಲಕ ಸುಮಾರು 57 ಕಿ.ಮೀ. ದಾಂಡೇಲಿ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದರೂ ಅದರ ಡಿಪೊ, ಹಳಿಯಾಳದ ಡಿಪೊದಂತೆ, ವಾಯವ್ಯ ಕರ್ನಾಟಕ ಸಾರಿಗೆಯ ಧಾರವಾಡ ವಿಭಾಗಕ್ಕೆ ಸೇರಿದ್ದು. ನಕ್ಷೆಯಲ್ಲಿ ಊರು ಕಾರವಾರದ್ದು, ಬಸ್ಸಿನ ಲೆಕ್ಕದಲ್ಲಿ ಧಾರವಾಡದ್ದು. ಜಿಲ್ಲಾಧಿಕಾರಿಯ ಕಚೇರಿ ಘಟ್ಟದ ಕೆಳಗೆ ಕಡಲ ತಡಿಯಲ್ಲಿ, ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲ ಘಟ್ಟದ ಮೇಲೆ. ಒಂದು ಸಹಿಗೆ ಕಾರವಾರಕ್ಕೆ ಹೋಗಿ ಬರಲು ಇಡೀ ದಿನ ಬೇಕು. ದಾಂಡೇಲಿಯವರು ಹುಬ್ಬಳ್ಳಿ–ಧಾರವಾಡದ ಕಡೆಗೇ ಮುಖ ಮಾಡಿರುವುದು ಇದರಿಂದ ಸಹಜವಾಗಿಯೇ ಬಂದದ್ದು.

ಮುಗದದಂಥ ಊರಿನವರಿಗೆ ಇನ್ನೊಂದು ದಾರಿ ಇದೆ: ಗೋವಾ ರಸ್ತೆ ಹಿಡಿದು ಅಳ್ನಾವರ, ಅಲ್ಲಿಂದ ಹಳಿಯಾಳ ಇಲ್ಲವೇ ನೇರ ದಾಂಡೇಲಿ. ಬಸ್ಸಿಗೆ ಬಸ್ಸು ಸೇರದಿದ್ದರೆ ಅಳ್ನಾವರದಲ್ಲಿ ಚಹಾ ಕುಡಿಯುತ್ತ ಕೂರಬೇಕಾಗುತ್ತದೆ, ಅಥವಾ ಟಂಟಂ, ಕ್ರೂಸರ್‌ನಲ್ಲಿ ಮೊಣಕಾಲು ಮಡಚಿ ಹೋಗಬೇಕಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳ ಚಹರೆಯೇ ಬದಲಾಗಿದೆ. ‘ಅಕ್ಕಾರ, ಆಧಾರ್ ಕಾರ್ಡ್ ಕೈಯಾಗ ಹಿಡ್ಕೋರ್ರಿ’ ಎಂದು ಕಂಡಕ್ಟರ್ ಕೂಗುತ್ತಲೇ ಬರುತ್ತಾನೆ. ಕಾಯಿಪಲ್ಲೆ ಬುಟ್ಟಿ, ತವರಿನ ಗಂಟು, ಬಾಣಂತಿಯ ಮಡಿಲ ಕೂಸು ಎಲ್ಲವೂ ಹತ್ತುತ್ತವೆ. ಜಾಗ ಸಿಗುವುದು ಕಷ್ಟ ನಿಜ. ಆದರೆ ಕೈಯಲ್ಲಿ ದುಡ್ಡಿಲ್ಲದೆ ಮನೆಯಲ್ಲೇ ಉಳಿಯುತ್ತಿದ್ದ ಎಷ್ಟೋ ಹೆಂಗಸರು ಈಗ ದಾರಿಯ ಮೇಲಿದ್ದಾರೆ, ಅದಕ್ಕಿಂತ ದೊಡ್ಡ ಬದಲಾವಣೆಯನ್ನು ಈ ರಸ್ತೆ ಈಚೆಗೆ ಕಂಡಿಲ್ಲ.

ಇನ್ನು ಊರು. ಕಾಳಿ ನದಿ ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತದೆ. ಅದರ ದಂಡೆಯ ಮೇಲಿನ ದೊಡ್ಡ ಊರು ದಾಂಡೇಲಿ. ಕಟ್ಟಿಗೆಯ ಡಿಪೊ ಇದ್ದ ಜಾಗ ನಗರವಾದದ್ದು 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ. 1959ರಲ್ಲಿ ಅಲ್ಲಿ ಕಾಗದ ಬರತೊಡಗಿತು. ಕೆಲಸ ಹುಡುಕಿ ಬಂದವರಿಂದ ಊರು ತುಂಬಿತು. ಹಾಗಾಗಿ ಬಸ್ ನಿಲ್ದಾಣದಲ್ಲಿ ಇಳಿದರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಒಂದೇ ಚಹಾದಂಗಡಿಯಲ್ಲಿ ಕೇಳುತ್ತವೆ. ಒಬ್ಬರೇ ಮೂರು ಭಾಷೆಯಲ್ಲಿ ಬೆಲೆ ಚೌಕಾಸಿ ಮಾಡುವುದು ಇಲ್ಲಿ ವಿಶೇಷವೇ ಅಲ್ಲ. ಕಾರ್ಖಾನೆಗೆ ಬೇಕಾದ ಬಿದಿರು ಉತ್ತರ ಕನ್ನಡದ ಕಾಡಿನಿಂದ ಬರುತ್ತಿತ್ತು. ಸರ್ಕಾರ ಮೊದಲು ನಿಗದಿ ಮಾಡಿದ ದರ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ತೆರಬೇಕಿತ್ತು. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಕಾಡುಗಳಲ್ಲಿ ಸುತ್ತಿ ಬಿದಿರು ಹೇಗೆ ಬರಿದಾಯಿತು ಎಂಬುದನ್ನು ದಾಖಲಿಸಿದರು. ಕೆಲಸ ಕೊಟ್ಟ ಕಾರ್ಖಾನೆ, ಕಾಡು ಕೊಟ್ಟ ಜಿಲ್ಲೆ: ಎರಡನ್ನೂ ಒಟ್ಟಿಗೆ ನೆನೆಯದೆ ಈ ಊರನ್ನು ಪೂರ್ತಿ ಕಾಣಲಾಗದು.

ಊರೊಳಗೆ ಓಡಾಡಲು ಆಟೊ ಸಾಕು, ಸಂಜೆಯಾದರೆ ಕಾಲೂ ಸಾಕು. ಜೆ.ಎನ್. ರಸ್ತೆ, ಲಿಂಕ್ ರೋಡ್, ಕಾರ್ಖಾನೆಯ ನೌಕರರ ಬಂಗೂರನಗರ, ಅಲ್ಲಿಂದಾಚೆ ಹಳೇ ದಾಂಡೇಲಿ. ರವಿವಾರದ ಸಂತೆಗೆ ಹೋದರೆ ಸುತ್ತಲ ಹಳ್ಳಿಗಳ ಮುಖ ಕಾಣುತ್ತದೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಊರಿನ ಬದಿಯ ಕಾಳಿಯಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದನ್ನು ಸೇತುವೆಯ ಮೇಲಿನಿಂದ ನೋಡುವುದೇ ಒಂದು ಸೊಗಸು, ಆದರೆ ದಂಡೆಗೆ ಇಳಿದು ಮುಖ ತೊಳೆಯುವುದು, ಮಕ್ಕಳನ್ನು ನೀರಿನ ಬಳಿ ಬಿಡುವುದು ಸಲ್ಲದು. ಇಲ್ಲಿ ಜೀವಗಳು ಹೋಗಿವೆ. ಬಟ್ಟೆ ಒಗೆಯಲು, ಗಾಳ ಹಾಕಲು ಹೊಳೆಯನ್ನೇ ನಂಬಿದ ಬಡವರ ಮನೆಗಳಲ್ಲೇ ಹೋಗಿವೆ. ಪ್ರವಾಸಿಗೆ ಇದು ಒಂದು ದಿನದ ಎಚ್ಚರಿಕೆ. ದಂಡೆಯ ಓಣಿಗಳಲ್ಲಿ ಇರುವವರಿಗೆ ದಿನದ ಬಾಳು.

ದಾಂಡೇಲಿಯಲ್ಲಿ ಒಂದೇ ಒಂದು ಸಂಜೆ ಇದ್ದರೂ ಅರಣ್ಯ ಇಲಾಖೆಯ ಕಟ್ಟಿಗೆ ಡಿಪೊಗೆ ಹೋಗಬೇಕು, ಅದೂ ಒಪ್ಪಿಗೆ ಕೇಳಿಕೊಂಡು. ಟಿಕೀಟು ಇಟ್ಟ ತಾಣ ಅದಲ್ಲ. ಸಾಗವಾನಿ, ಮತ್ತಿ, ಹೊನ್ನೆಯ ದಿಮ್ಮಿಗಳು ಸಾಲಾಗಿ ಬಿದ್ದಿರುತ್ತವೆ, ಪ್ರತಿಯೊಂದರ ತುದಿಗೂ ಬಣ್ಣದಲ್ಲಿ ಬರೆದ ನಂಬರು. ನಡುನಡುವೆ ಕಡಿಯದೆ ಬಿಟ್ಟ ದೊಡ್ಡ ಮರಗಳು. ಹೊತ್ತು ಇಳಿಯುವಾಗ ಮೊದಲು ಸದ್ದು ಬರುತ್ತದೆ: ಮಂಗಟ್ಟೆ ಹಕ್ಕಿಯ ರೆಕ್ಕೆಯ ಗರಿಗಳ ನಡುವೆ ಗಾಳಿ ನುಗ್ಗುವ ಭಾರವಾದ ಸದ್ದು. ಆಮೇಲೆ ಕಪ್ಪು ಬಿಳುಪಿನ ಮೈ, ಹಳದಿ ಕೊಕ್ಕಿನ ಮೇಲೆ ಕವಚದಂಥ ಇನ್ನೊಂದು ಕೊಕ್ಕು. ಒಂದು, ಎರಡು, ನೋಡುತ್ತಿದ್ದಂತೆ ಹಿಂಡು. ಸದಾ ಮರದ ತುದಿಯಲ್ಲೇ ಬಾಳುವ ಈ ಹಕ್ಕಿ ಇಲ್ಲಿ ನೆಲಕ್ಕೇ ಇಳಿಯುತ್ತದೆ, ದಿಮ್ಮಿಗಳ ನಡುವಿನ ಮಣ್ಣಿನಲ್ಲಿ ಕುಪ್ಪಳಿಸುತ್ತದೆ, ಧೂಳಿನಲ್ಲಿ ಹೊರಳುತ್ತದೆ. ಬೇಸಿಗೆಯಲ್ಲಿ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿಯನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಂಡು ಮರಿ ಮಾಡುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಅಂಥ ಪೊಟರೆ ಸಿಗುವುದು ಹಳೆಯ ದೊಡ್ಡ ಮರದಲ್ಲಿ ಮಾತ್ರ. ಕಡಿದ ಮರಗಳ ರಾಶಿಯ ನಡುವೆ ನಿಂತ ಮರಕ್ಕಾಗಿ ಬಂದ ಹಕ್ಕಿಯನ್ನು ನೋಡುವಾಗ ಈ ಊರಿನ ನೂರು ವರ್ಷದ ಕಸುಬೂ, ಅದರ ಬೆಲೆಯೂ ಒಟ್ಟಿಗೇ ಕಣ್ಣೆದುರಿಗಿರುತ್ತವೆ. ನಾಲ್ಕು ಜಾತಿಯ ಮಂಗಟ್ಟೆಗಳಿರುವ ಸೀಮೆ ಇದು. 2011ರಲ್ಲಿ ಇವುಗಳಿಗಾಗಿಯೇ ಇಲ್ಲೊಂದು ಸಂರಕ್ಷಣಾ ಮೀಸಲು ಘೋಷಣೆಯಾಯಿತು.

ರಾಫ್ಟಿಂಗ್ ಎಂದು ದಾಂಡೇಲಿಯ ಹೆಸರಿನಲ್ಲಿ ಮಾರುವುದು ದಾಂಡೇಲಿಯಲ್ಲಿಲ್ಲ. ಜೋಯಿಡಾ ರಸ್ತೆಯಲ್ಲಿ ಇಪ್ಪತ್ತು ಕಿ.ಮೀ.ಗೂ ಆಚೆ, ಗಣೇಶಗುಡಿಯಲ್ಲಿದೆ. ಬಸ್ ಇದೆ, ಆದರೆ ವೇಳೆ ಕೇಳಿಕೊಂಡೇ ಹೋಗಬೇಕು. ಹೊಳೆಯಲ್ಲಿ ರಭಸ ಇದೆಯೋ ಇಲ್ಲವೋ ಎಂಬುದನ್ನು ಅಲ್ಲಿ ಮಳೆ ತೀರ್ಮಾನಿಸುವುದಿಲ್ಲ. ಮೇಲಿರುವುದು ಸೂಪಾ ಅಣೆಕಟ್ಟು, 101 ಮೀಟರ್ ಎತ್ತರ, ಅದರ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ಘಟಕಗಳು. ರಾಜ್ಯಕ್ಕೆ ಕರೆಂಟ್ ಬೇಕಾದಾಗ ಟರ್ಬೈನ್ ತಿರುಗುತ್ತದೆ, ನೀರು ಹೊರಬರುತ್ತದೆ, ಹೊಳೆ ಏರುತ್ತದೆ. ಘಟಕ ನಿಂತರೆ ಬಂಡೆಗಳು ಮೇಲೇಳುತ್ತವೆ. ಬೇಸಿಗೆಯಲ್ಲೂ ರಾಫ್ಟ್ ತೇಲುವುದು ಇದರಿಂದಲೇ. ನಿಂತಿದ್ದ ಬಂಡೆಯ ಸುತ್ತ ನೋಡನೋಡುತ್ತ ನೀರು ಏರುವ ಅಪಾಯವೂ ಇದರಿಂದಲೇ. ಇದೇ ನೀರು ಕೆಳಗೆ ಬೊಮ್ಮನಹಳ್ಳಿಯಲ್ಲಿ ನಿಂತು ನಾಗಝರಿಯ ವಿದ್ಯುದಾಗಾರಕ್ಕೆ, ಮತ್ತೆ ಕೊಡಸಳ್ಳಿ, ಕದ್ರಾಗಳಿಗೆ ಹೋಗುತ್ತದೆ. ಬದುಕಿದ್ದ ಒಂದು ಊರು ಸೂಪಾ ಜಲಾಶಯದ ತಳದಲ್ಲಿದೆ ಎಂಬುದನ್ನು ರಾಫ್ಟ್ ಹತ್ತುವವರಿಗೆ ಯಾರಾದರೂ ಹೇಳಬೇಕು. ಕಾಳಿ, ಪಾಂಡ್ರಿ ಹೊಳೆಗಳು ಕೂಡುವ ಜಾಗದಲ್ಲಿ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪೇಟೆ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ಅನೇಕ ಮನೆತನಗಳು ಗೋವಾ ರಸ್ತೆಯ ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದವು.

ಕಾಡು ನೋಡಬೇಕೆಂದವರಿಗೆ ಕುಳಗಿ ರಸ್ತೆ. ಊರಿನಿಂದ ಹತ್ತು–ಹದಿನೈದು ಕಿ.ಮೀ. ಒಳಗೆ ಕುಳಗಿಯ ನಿಸರ್ಗಧಾಮ, ಪಣಸೋಲಿಯ ಸಫಾರಿ ಗೇಟು. 1956ರ ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಮೀಸಲಾದವು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಸುಮಾರು 1,300 ಚದರ ಕಿ.ಮೀ. ಹುಲಿ ಕಾಣುವುದು ಅಪರೂಪ. ಕಪ್ಪು ಚಿರತೆ ಇನ್ನೂ ಅಪರೂಪ. ಜೀಪಿನವರು ಏನೇ ಹೇಳಲಿ, ಕಾಟಿ, ಜಿಂಕೆ, ಕೆಂದಳಿಲು ಕಂಡರೆ ಬೆಳಗು ಸಾರ್ಥಕ ಎಂದುಕೊಳ್ಳುವುದು ಒಳ್ಳೆಯದು.

ಮೀಸಲಿನ ಒಳಗೂ ಅಂಚಿನಲ್ಲೂ ಹಳ್ಳಿಗಳಿವೆ. ಅವುಗಳಿಗೆ ಹೋಗುವ ಬಸ್ ದಿನಕ್ಕೆ ಒಂದೋ ಎರಡೋ. ಬೆಳಗಿನದು ತಪ್ಪಿದರೆ ಶಾಲೆ ತಪ್ಪಿತು, ಸಂಜೆಯದು ತಪ್ಪಿದರೆ ದಾಂಡೇಲಿಯಲ್ಲಿ ಯಾರದಾದರೂ ಮನೆಯ ಪಡಸಾಲೆ. ಮಳೆಗಾಲದಲ್ಲಿ ಹೆರಿಗೆ ನೋವು ಶುರುವಾದವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಡಾಂಬರು ರಸ್ತೆಗೆ ತರುವ ಮನೆಗಳು ಜೋಯಿಡಾ ತಾಲ್ಲೂಕಿನಲ್ಲಿ ಇಂದಿಗೂ ಇವೆ. ಅದೇ ಕಾಡಿನ ನಡುವೆ ರಿಸಾರ್ಟಿನ ಗೇಟಿನವರೆಗೆ ಕಾರು ನುಣ್ಣಗೆ ಹೋಗುತ್ತದೆ. ಕಾಡಿನ ರಸ್ತೆ ಅಗಲ ಮಾಡಬೇಕೆಂದು ನಾನು ಹೇಳುತ್ತಿಲ್ಲ, ಮಾಡಬಾರದು. ಇರುವ ರಸ್ತೆಯ ಮೇಲೆ ಸಣ್ಣ ಬಸ್ಸೊಂದು ವೇಳೆಗೆ ಸರಿಯಾಗಿ ಓಡಲು ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಈ ಕಾಡಿನ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಉಳವಿಗೆ ಹೋಗುವ ರೈತರು. ದಾಂಡೇಲಿಯಿಂದ ಪೋಟೋಳಿ ದಾಟಿ ಕಾಡಿನೊಳಗೆ ಐವತ್ತು ಕಿ.ಮೀ. ಆಸುಪಾಸು ಹೋದರೆ ಚನ್ನಬಸವಣ್ಣನವರು ಐಕ್ಯರಾದ ಉಳವಿ. ಕಲ್ಯಾಣದ ಗಲಭೆಯ ನಂತರ ಶರಣರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಬಂದ ಜಾಗ ಎಂದು ಜನ ನಂಬುತ್ತಾರೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಚಕ್ಕಡಿಗಳು ಹೊರಡುತ್ತವೆ. ಸುಗ್ಗಿ ಮುಗಿದಿರುತ್ತದೆ. ಎತ್ತಿಗೆ ಗೆಜ್ಜೆ, ಕೊಂಬಿಗೆ ಬಣ್ಣ, ಚಕ್ಕಡಿಗೆ ಕಮಾನು ಕಟ್ಟಿ ಮೇಲೆ ತಾಡಪತ್ರಿ. ಒಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎತ್ತಿಗೆ ಹೊಟ್ಟು, ಮೇವು. ಹಗಲು ಬಿಸಿಲೇರಿದರೆ ಎತ್ತು ಬಿಚ್ಚಿ ಮರದ ನೆರಳಿನಲ್ಲಿ ವಸತಿ, ತಂಪು ಹೊತ್ತಿನಲ್ಲಿ ಮತ್ತೆ ಪಯಣ. ಯಾವ ತಿರುವಿನಲ್ಲಿ ನೀರು ಸಿಗುತ್ತದೆ, ಯಾವ ಏರಿನಲ್ಲಿ ಎರಡು ಜೋಡಿ ಎತ್ತು ಹೂಡಬೇಕು, ಕಾಡಿನಲ್ಲಿ ಎಲ್ಲಿ ಬೆಂಕಿ ಹಚ್ಚಬಾರದು ಎಂಬುದು ತಂದೆಯಿಂದ ಮಗನಿಗೆ ಬಂದ ತಿಳಿವಳಿಕೆ. ಆ ವಾರ ಹಳಿಯಾಳ–ದಾಂಡೇಲಿ ರಸ್ತೆಯಲ್ಲಿ ಕಾರಿನವರು ಚಕ್ಕಡಿಯ ಹಿಂದೆ ನಿಧಾನವಾಗಿ ಹೋಗಬೇಕಾಗುತ್ತದೆ. ಹಾರ್ನ್ ಹೊಡೆಯದೆ ಹೋದರೆ ಎತ್ತಿಗೂ ಒಳಿತು.

ಜಾತ್ರೆಗೆಂದು ಧಾರವಾಡ, ಹುಬ್ಬಳ್ಳಿ, ಹಳಿಯಾಳ, ದಾಂಡೇಲಿಯಿಂದ ಸಾರಿಗೆ ಸಂಸ್ಥೆ ವಿಶೇಷ ಬಸ್ಸುಗಳನ್ನು ಬಿಡುತ್ತದೆ. ಅದೇ ರಸ್ತೆ, ಅದೇ ತಿರುವು, ಅದೇ ಚಾಲಕರು. ಹುಣ್ಣಿಮೆ ಕಳೆದು ವಾರದೊಳಗೆ ಅವು ಡಿಪೊಗೆ ಮರಳುತ್ತವೆ. ಅವುಗಳಲ್ಲಿ ಎರಡನ್ನು ವರ್ಷವಿಡೀ ಉಳಿಸಿಕೊಂಡು, ಒಂದನ್ನು ಬೆಳಿಗ್ಗೆ ಜೋಯಿಡಾದ ಒಳಹಳ್ಳಿಗಳಿಂದ ದಾಂಡೇಲಿಯ ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ, ಇನ್ನೊಂದನ್ನು ಸಂಜೆ ಕಾಲೇಜು ಬಿಟ್ಟ ಮೇಲೆ ಹಿಂದಿರುಗುವಂತೆ ಓಡಿಸಬಹುದು. ಅಂಬೇವಾಡಿಯ ರೈಲಿಗೂ ಇದೇ ಮಾತು. ಬೆಳಿಗ್ಗೆ ಅಂಬೇವಾಡಿ ಬಿಟ್ಟು ಅಳ್ನಾವರ, ಕಂಬಾರಗಣವಿ, ಮುಗದಗಳಲ್ಲಿ ನಿಂತು ಕಾಲೇಜಿನ ಗಂಟೆಗೆ ಮೊದಲು ಧಾರವಾಡ ಮುಟ್ಟುವ, ಸಂಜೆ ಅದೇ ದಾರಿಯಲ್ಲಿ ಮರಳುವ ಗಾಡಿ ಬೇಕು. ದಾಂಡೇಲಿಯವರು ವರ್ಷಗಳಿಂದ ಕೊಡುತ್ತಿರುವ ಮನವಿಪತ್ರಗಳಲ್ಲಿ ಕೇಳಿದ್ದು ಒಂದು ರೈಲು, ಅದೂ ಅವರ ಕೆಲಸದ ಹೊತ್ತಿಗೆ.